ಮದ್ರಾಸಿನ ಕೋಟೆಗೆ ಮಕ್ಕಳ ದಂಡು: ಶೈಕ್ಷಣಿಕ ಪ್ರವಾಸಕ್ಕೊಂದು ಸಮಗ್ರ ಮಾರ್ಗದರ್ಶಿ

ನಾವು ಮೊದಲ ಸಲ ಚೆನ್ನೈನ ಸೇಂಟ್ ಜಾರ್ಜ್ ಕೋಟೆಯ ವಸ್ತುಸಂಗ್ರಹಾಲಯಕ್ಕೆ ಹೋದಾಗ ಅದರ ಬಾಗಿಲಿಗೆ ಬೀಗ ಹಾಕಿತ್ತು. ಮಂಡ್ಯ ಜಿಲ್ಲೆಯ ನಮ್ಮೂರಿನಿಂದ ಸುಮಾರು 450 ಕಿಲೋಮೀಟರ್ ಬಸ್ಸಿನಲ್ಲಿ ಕುಳಿತು ಬಂದ ಎಂಟನೇ ತರಗತಿಯ ಮಕ್ಕಳು ನನ್ನ ಮುಖ ನೋಡಿದರು, ನಾನು ಬೀಗದ ಮುಖ ನೋಡಿದೆ. ಅಂದು ಶುಕ್ರವಾರ. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಈ ಸಂಗ್ರಹಾಲಯಕ್ಕೆ ಶುಕ್ರವಾರ ರಜೆ. ತಪ್ಪು ನೂರಕ್ಕೆ ನೂರು ನನ್ನದೇ. ಶಾಲೆಗೆ ಭಾನುವಾರ ರಜೆ ಎಂಬ ಅಭ್ಯಾಸದಲ್ಲಿ ಬದುಕುವವರಿಗೆ ಬೇರೆಯವರ ವಾರದ ರಜೆ ನೆನಪಿಗೆ ಬರುವುದೇ ಇಲ್ಲ.

ಆಮೇಲೆ ಮತ್ತೆ ಹೋದೆವು, ಮತ್ತೂ ಹೋದೆವು. ಪ್ರತಿ ಸಲವೂ ಒಂದಿಷ್ಟು ತಿದ್ದಿಕೊಂಡೆವು. ಕರ್ನಾಟಕದಿಂದ ಮಕ್ಕಳನ್ನು ಆ ಕೋಟೆಗೆ ಕರೆದುಕೊಂಡು ಹೋಗಬೇಕೆಂದಿರುವ ಶಿಕ್ಷಕರಿಗಾಗಿ ಆ ತಿದ್ದುಪಡಿಗಳನ್ನೆಲ್ಲ ಕ್ರಮವಾಗಿ ಬರೆದಿದ್ದೇನೆ.

ಅಷ್ಟು ದೂರ ಏಕೆ?

ಪೋಷಕರ ಸಭೆಯಲ್ಲಿ ಮೊದಲು ಬರುವ ಪ್ರಶ್ನೆ ಇದು: ‘ಮೈಸೂರು ಅರಮನೆ ಪಕ್ಕದಲ್ಲೇ ಇರುವಾಗ ಮದ್ರಾಸು ಏಕೆ ಮಿಸ್?’ ಉತ್ತರ ನಿಮ್ಮ ಬಳಿ ಸಿದ್ಧವಿರಬೇಕು.

1639ರಲ್ಲಿ ದಾಮರ್ಲ ವೆಂಕಟಾದ್ರಿ ನಾಯಕನಿಂದ ಈಸ್ಟ್ ಇಂಡಿಯಾ ಕಂಪನಿಯವರು ಒಂದು ಮರಳು ತೀರವನ್ನು ಪಡೆದು ಕೋಟೆ ಕಟ್ಟಲು ತೊಡಗಿದರು. ದಕ್ಷಿಣ ಭಾರತದಲ್ಲಿ ಕಂಪನಿ ಸರ್ಕಾರದ ತಲೆ ಕೆಲಸ ಮಾಡಿದ್ದು ಅಲ್ಲಿಂದ. ಹೈದರ್ ಮತ್ತು ಟಿಪ್ಪು ಕಾಲದ ನಾಲ್ಕು ಮೈಸೂರು ಯುದ್ಧಗಳಲ್ಲಿ ಒಂದು ಬದಿ ಶ್ರೀರಂಗಪಟ್ಟಣವಾದರೆ ಇನ್ನೊಂದು ಬದಿ ಈ ಕೋಟೆ. ನಮ್ಮ ಪಠ್ಯದಲ್ಲಿ ಕಾಣುವುದು ನಮ್ಮ ಕಡೆಯ ದಂಡೆ ಮಾತ್ರ. ಆಚೆ ದಂಡೆಯಿಂದ ನಿಂತು ನೋಡಿದರೆ ಅದೇ ಹೊಳೆ ಬೇರೆ ರೀತಿ ಕಾಣುತ್ತದೆ. ಇಷ್ಟು ಹೇಳಿದರೆ ಪೋಷಕರು ಒಪ್ಪುತ್ತಾರೆ. ಒಪ್ಪದವರು ಖರ್ಚು ಕೇಳುತ್ತಾರೆ, ಅದಕ್ಕೂ ಉತ್ತರ ಇಟ್ಟುಕೊಂಡಿರಿ.

ಎರಡು ತಿಂಗಳು ಮೊದಲು: ದಿನ, ಅನುಮತಿ, ದುಡ್ಡು

ದಿನ ಗೊತ್ತುಮಾಡುವುದರಿಂದ ಶುರುಮಾಡಿ, ಏಕೆಂದರೆ ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. ಅಕ್ಟೋಬರ್‌ನಿಂದ ಡಿಸೆಂಬರ್ ಮೊದಲ ಭಾಗದವರೆಗೆ ಚೆನ್ನೈಗೆ ಈಶಾನ್ಯ ಮಾರುತದ ಮಳೆಗಾಲ. ನಮ್ಮಲ್ಲಿ ಮಳೆ ನಿಂತಿತು ಎಂದು ಹೊರಟರೆ ಅಲ್ಲಿ ಚಂಡಮಾರುತ ಕಾಯುತ್ತಿರಬಹುದು. ಮಾರ್ಚ್ ಆದ ಮೇಲೆ ಬಿಸಿಲು ಮಕ್ಕಳನ್ನು ಹಿಂಡಿಬಿಡುತ್ತದೆ. ಜನವರಿ ನಡುವೆ ಪೊಂಗಲ್ ರಜೆಯ ಜನಜಂಗುಳಿ. ಹೀಗಾಗಿ ಉಳಿಯುವುದು ಡಿಸೆಂಬರ್ ಕೊನೆಯ ವಾರಗಳು ಅಥವಾ ಜನವರಿಯ ಮೊದಲ ವಾರ.

ವಾರದ ಯಾವ ದಿನ ಎಂಬುದೂ ಮುಖ್ಯ. ಕೋಟೆಯ ಒಳಗೇ ತಮಿಳುನಾಡಿನ ವಿಧಾನಸಭೆ ಮತ್ತು ಸಚಿವಾಲಯ ಇವೆ. ಕೆಲಸದ ದಿನ ಹೋದರೆ ಕಾರುಗಳ ಸಾಲು, ತಪಾಸಣೆಯ ಸಾಲು, ಬಸ್ಸು ನಿಲ್ಲಿಸಲು ಜಾಗವಿಲ್ಲ. ಅಧಿವೇಶನ ನಡೆಯುತ್ತಿದ್ದರಂತೂ ಆ ಕಡೆ ತಲೆ ಹಾಕಬೇಡಿ. ಭಾನುವಾರ ಬೆಳಿಗ್ಗೆ ಕೋಟೆಯೊಳಗಿನ ಚರ್ಚ್‌ನಲ್ಲಿ ಪ್ರಾರ್ಥನೆ ನಡೆಯುತ್ತದೆ. ಶುಕ್ರವಾರದ ಕಥೆ ಹೇಳಿಯಾಯಿತು. ನನ್ನ ಮಟ್ಟಿಗೆ ಶನಿವಾರವೇ ಸರಿ. ಹೊರಡುವ ಹಿಂದಿನ ವಾರ ಸಂಗ್ರಹಾಲಯಕ್ಕೆ ಫೋನ್ ಮಾಡಿ, ಬೇರೇನಾದರೂ ಕಾರಣಕ್ಕೆ ಮುಚ್ಚಿದೆಯೇ, ಯಾವ ಕೋಣೆಯಾದರೂ ದುರಸ್ತಿಯಲ್ಲಿದೆಯೇ ಎಂದು ಕೇಳಿ.

ಕಾಗದಪತ್ರಗಳನ್ನು ಮುಂದೂಡಬೇಡಿ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ನಿರ್ಣಯ ಮಾಡಿಸಿ ನಡಾವಳಿ ಪುಸ್ತಕದಲ್ಲಿ ಬರೆಸಿ. ಅದರ ಪ್ರತಿ, ಮಕ್ಕಳ ಪಟ್ಟಿ, ಜೊತೆಗೆ ಬರುವ ಶಿಕ್ಷಕರ ಹೆಸರು, ದಿನವಾರು ಕಾರ್ಯಕ್ರಮ, ಬಸ್ಸಿನ ವಿವರ ಇವಿಷ್ಟನ್ನೂ ಸೇರಿಸಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಅರ್ಜಿ ಕೊಡಿ. ಹೊರರಾಜ್ಯದ ಪ್ರವಾಸವಾದ್ದರಿಂದ ಮೇಲಿನ ಕಚೇರಿಯ ಒಪ್ಪಿಗೆಗೂ ಸಮಯ ಬಿಡಿ. ಪ್ರತಿ ಮಗುವಿನ ಪೋಷಕರಿಂದ ಸಹಿ ಮಾಡಿದ ಒಪ್ಪಿಗೆ ಪತ್ರ ಬೇಕು. ಅದರಲ್ಲಿ ಮಗುವಿಗಿರುವ ಕಾಯಿಲೆ, ತೆಗೆದುಕೊಳ್ಳುವ ಮಾತ್ರೆ, ಆಗದ ಆಹಾರ ಬರೆಯಲು ಮೂರು ಸಾಲು ಜಾಗ ಬಿಡಿ. ಆ ಮೂರು ಸಾಲುಗಳೇ ಒಂದು ಸಲ ನಮ್ಮನ್ನು ಕಾಪಾಡಿವೆ. ರಾತ್ರಿ ಎರಡು ಗಂಟೆಗೆ ಉಬ್ಬಸ ಬಂದ ಹುಡುಗನ ಪಂಪು ಯಾವ ಚೀಲದಲ್ಲಿದೆ ಎಂದು ಹುಡುಕುವ ಕೆಲಸ ತಪ್ಪಿತು.

ಬಸ್ಸಿನ ಬಗ್ಗೆ ಒಂದು ಮಾತು. ಸಾರಿಗೆ ನಿಗಮದ ಬಸ್ಸನ್ನೇ ಒಪ್ಪಂದದ ಮೇಲೆ ಪಡೆಯುವುದು ನೆಮ್ಮದಿ. ಯಾವುದೇ ಬಸ್ಸಾದರೂ ತಮಿಳುನಾಡಿನ ಪರ್ಮಿಟ್ ಇದೆಯೇ, ರಾತ್ರಿ ಪ್ರಯಾಣವಿದ್ದರೆ ಇಬ್ಬರು ಚಾಲಕರಿದ್ದಾರೆಯೇ ಎಂದು ಮುಂಗಡ ಕೊಡುವ ಮೊದಲೇ ನೋಡಿ. ಮಕ್ಕಳು ಮೂವತ್ತರೊಳಗಿದ್ದರೆ ರೈಲು ಇನ್ನೂ ಚೆನ್ನ. ಚೆನ್ನೈ ಸೆಂಟ್ರಲ್‌ನಿಂದ ಕೋಟೆ ಎರಡು ಕಿಲೋಮೀಟರ್ ಆಸುಪಾಸು, ಉಪನಗರ ರೈಲಿನಲ್ಲಿ ಕೋಟೆಯ ಹೆಸರಿನದೇ ನಿಲ್ದಾಣವೂ ಇದೆ.

ಪ್ರವೇಶ ಶುಲ್ಕದಲ್ಲಿ ಮಕ್ಕಳಿಗೆ ಅನುಕೂಲವಿದೆ. ಪುರಾತತ್ವ ಇಲಾಖೆಯ ತಾಣಗಳಲ್ಲಿ 15 ವರ್ಷದೊಳಗಿನವರಿಗೆ ಟಿಕೆಟ್ ಇಲ್ಲ. ಆದರೆ ಎತ್ತರವಾಗಿ ಬೆಳೆದ ಹುಡುಗನಿಗೆ ಹದಿನಾಲ್ಕು ಎಂದರೆ ಕೌಂಟರಿನವರು ಹೇಗೆ ನಂಬಬೇಕು? ಜನ್ಮದಿನಾಂಕ ಸಹಿತ ಪಟ್ಟಿಗೆ ಮುಖ್ಯಶಿಕ್ಷಕರ ಸಹಿ, ಮೊಹರು ಹಾಕಿಸಿ ಎರಡು ಪ್ರತಿ ಇಟ್ಟುಕೊಳ್ಳಿ. ಒಂದು ಅಲ್ಲಿ ಕೊಡಲು, ಒಂದು ಹಾಜರಿಗೆ.

ದುಡ್ಡು ಕೊಡಲಾಗದ ಮಕ್ಕಳು ಪ್ರತಿ ತರಗತಿಯಲ್ಲೂ ಇರುತ್ತಾರೆ. ಅವರು ‘ನನಗೆ ಬಸ್ಸು ಆಗುವುದಿಲ್ಲ ಮಿಸ್, ವಾಂತಿ ಬರುತ್ತದೆ’ ಎನ್ನುತ್ತಾರೆ. ಆ ವಾಂತಿಯ ಅರ್ಥ ಗೊತ್ತಿರಲಿ. ಊರಿನಲ್ಲಿ ದಾನಿಗಳು ಸಿಗುತ್ತಾರೆ. ಯಾರ ಹಣ ಯಾರಿಂದ ಬಂತು ಎಂಬುದು ನಿಮ್ಮ ಪುಸ್ತಕದಲ್ಲಿ ಮಾತ್ರ ಇರಲಿ.

ಮೂರು ವಾರ ಮೊದಲು: ಶ್ರೀರಂಗಪಟ್ಟಣದಲ್ಲಿ ಒಂದು ದಿನ

ಮದ್ರಾಸಿನ ಕೋಟೆಯನ್ನು ನೋಡುವ ಕೆಲಸ ಶ್ರೀರಂಗಪಟ್ಟಣದಲ್ಲಿ ಶುರುವಾಗಬೇಕು. ದೂರದ ಜಿಲ್ಲೆಯವರಾದರೆ ಚಿತ್ರಗಳನ್ನು ತೋರಿಸಿ, ಹತ್ತಿರದವರಾದರೆ ಹೋಗಿಯೇ ಬನ್ನಿ.

ನೇರವಾಗಿ ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್‌ನ ಪಶ್ಚಿಮದ ಗೋಡೆಯ ಮುಂದೆ ಮಕ್ಕಳನ್ನು ಕೂರಿಸಿ. ಅಲ್ಲಿರುವುದು 1780ರ ಸೆಪ್ಟೆಂಬರ್ 10ರಂದು ಹೈದರ್ ಮತ್ತು ಟಿಪ್ಪು ಗೆದ್ದ ಪೊಲ್ಲಿಲೂರು ಕದನದ ಚಿತ್ರ. ಕಂಪನಿಯ ಸೈನಿಕರ ಚೌಕ, ಸ್ಫೋಟಗೊಂಡ ಮದ್ದಿನ ಬಂಡಿ, ನಡುವೆ ಪಲ್ಲಕ್ಕಿಯಲ್ಲಿ ಕುಳಿತ ಕರ್ನಲ್ ಬೈಲಿ. ಆತ ಸೆರೆಯಾಗಿ ಇಲ್ಲಿಗೆ ಬಂದು 1782ರಲ್ಲಿ ಇಲ್ಲೇ ಸತ್ತ. ಅವನ ಹೆಸರಿನ ನೆಲಮಾಳಿಗೆ ಸೆರೆಮನೆ ನಮ್ಮ ಮಕ್ಕಳಿಗೆಲ್ಲ ಗೊತ್ತು, ಅಲ್ಲಿ ಫೋಟೊ ತೆಗೆಸಿಕೊಂಡಿರುತ್ತಾರೆ. ಆತ ಯಾರ ಪರವಾಗಿ ಹೋರಾಡುತ್ತಿದ್ದ, ಅವನ ಸಂಬಳ ಯಾವ ಊರಿನಿಂದ ಬರುತ್ತಿತ್ತು ಎಂದು ಮಾತ್ರ ಯಾರೂ ಕೇಳಿರುವುದಿಲ್ಲ. ಉತ್ತರ: ಮದ್ರಾಸು. ಪೊಲ್ಲಿಲೂರು ಇರುವುದು ಕಂಚಿಯ ಹತ್ತಿರ, ನಾವು ಮೂರು ವಾರದ ನಂತರ ಹಾದುಹೋಗುವ ಹೆದ್ದಾರಿಯಿಂದ ಅಷ್ಟೇನೂ ದೂರವಲ್ಲ.

ಒಂದು ಪ್ರಶ್ನೆ ಕೊಟ್ಟು ಮನೆಗೆ ಕಳುಹಿಸಿ: ಇಲ್ಲಿ ಗೆದ್ದವರು ಗೋಡೆಯ ಮೇಲೆ ಚಿತ್ರ ಬರೆಸಿದರು, ಅಲ್ಲಿ ಗೆದ್ದವರು ಏನು ಮಾಡಿಸಿರಬಹುದು?

ತರಗತಿಯಲ್ಲಿ ಎರಡು ಪಿರಿಯಡ್

ಮೊದಲ ಪಿರಿಯಡ್ ಕಥೆಗೆ. ಮೂರನೇ ಮೈಸೂರು ಯುದ್ಧ, 1792ರ ಫೆಬ್ರುವರಿ. ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣವನ್ನು ಸುತ್ತುವರಿದಿದ್ದಾನೆ. ಹನ್ನೊಂದು ವರ್ಷ ಹಿಂದೆ, 1781ರಲ್ಲಿ, ಅಮೆರಿಕದ ಯಾರ್ಕ್‌ಟೌನ್‌ನಲ್ಲಿ ಜಾರ್ಜ್ ವಾಷಿಂಗ್ಟನ್ ಸೈನ್ಯಕ್ಕೆ ಶರಣಾದವನು ಇದೇ ಕಾರ್ನ್‌ವಾಲಿಸ್ ಎಂದರೆ ಮಕ್ಕಳು ಕಣ್ಣರಳಿಸುತ್ತಾರೆ. ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಡಬೇಕು, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ ಕೊಡಬೇಕು. ಹಣ ತೀರುವವರೆಗೆ ಒತ್ತೆಯಾಗಿ ಇಬ್ಬರು ಮಕ್ಕಳನ್ನು ಕಳುಹಿಸಬೇಕು. ಅಬ್ದುಲ್ ಖಾಲಿಕ್‌ನಿಗೆ ಸುಮಾರು ಹತ್ತು ವರ್ಷ, ಮುಯಿಜುದ್ದೀನ್‌ನಿಗೆ ಸುಮಾರು ಎಂಟು. ಫೆಬ್ರುವರಿ 26ರಂದು ಅವರು ಆನೆಯ ಮೇಲೆ ಕೋಟೆಯಿಂದ ಹೊರಟು ಕಾರ್ನ್‌ವಾಲಿಸ್‌ನ ಡೇರೆಗೆ ಬಂದರು. ಆತ ಇಬ್ಬರಿಗೂ ಒಂದೊಂದು ಚಿನ್ನದ ಗಡಿಯಾರ ಕೊಟ್ಟ. ಆಮೇಲೆ ಅವರನ್ನು ಮದ್ರಾಸಿಗೆ ಕರೆದೊಯ್ದು ಈ ಕೋಟೆಯಲ್ಲಿಟ್ಟರು.

‘ಒತ್ತೆ’ ಎಂಬ ಪದವನ್ನು ಕಪ್ಪುಹಲಗೆಯ ಮೇಲೆ ದೊಡ್ಡದಾಗಿ ಬರೆಯಿರಿ. ಒಡವೆಯನ್ನು ಬ್ಯಾಂಕಿನಲ್ಲಿ ಒತ್ತೆ ಇಡುವುದು ಮಕ್ಕಳಿಗೆ ಗೊತ್ತು, ಮನೆಯಲ್ಲಿ ಕಂಡಿರುತ್ತಾರೆ. ಅದೇ ಪದ ಎಂದು ಹೇಳಿ ಸುಮ್ಮನಿರಿ.

ಎರಡನೇ ಪಿರಿಯಡ್ ಜಗಳಕ್ಕೆ. ಟಿಪ್ಪು ಹೆಸರು ಬಂದ ಕೂಡಲೇ ಈಗಿನ ತರಗತಿ ಎರಡು ಭಾಗವಾಗುತ್ತದೆ. ಮಕ್ಕಳು ಮನೆಯಲ್ಲಿ ಕೇಳಿದ್ದನ್ನು, ಮೊಬೈಲ್‌ನಲ್ಲಿ ನೋಡಿದ್ದನ್ನು ತರುತ್ತಾರೆ. ಅದನ್ನು ಬಸ್ಸಿನಲ್ಲಿ ಸಿಡಿಯಲು ಬಿಡುವುದಕ್ಕಿಂತ ತರಗತಿಯಲ್ಲೇ ಹೊರಗೆ ಬರಲು ಬಿಡುವುದು ವಾಸಿ. ನನ್ನ ಕ್ರಮ ಇಷ್ಟೇ: ಪ್ರವಾಸದಲ್ಲಿ ನಾವು ಯಾರಿಗೂ ಅಂಕ ಕೊಡುವುದಿಲ್ಲ, ಒಂದು ವಸ್ತುವನ್ನು ನೋಡುತ್ತೇವೆ. ಆ ವಸ್ತುವನ್ನು ಯಾರು ಮಾಡಿಸಿದರು, ಯಾರ ದುಡ್ಡಿನಲ್ಲಿ, ಯಾರು ನೋಡಲೆಂದು, ಅದರಲ್ಲಿ ಏನಿದೆ, ಏನು ಬಿಟ್ಟಿದ್ದಾರೆ. ಈ ಐದು ಪ್ರಶ್ನೆಗಳನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆಸಿ. ದರಿಯಾ ದೌಲತ್‌ನ ಗೋಡೆಗೂ ಇದೇ ಐದು, ಮದ್ರಾಸಿನ ಪ್ರತಿಮೆಗೂ ಇದೇ ಐದು. ಒಂದೇ ತಕ್ಕಡಿಯಲ್ಲಿ ಎರಡನ್ನೂ ತೂಗುತ್ತಿದ್ದೇವೆ ಎಂದು ಮಕ್ಕಳಿಗೆ ಮನದಟ್ಟಾದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಸಂಗ್ರಹಾಲಯದ ಫಲಕಗಳಲ್ಲಿ ಕನ್ನಡ ಇರುವುದಿಲ್ಲ. ಆದ್ದರಿಂದ ನೀವೇ ಕನ್ನಡದಲ್ಲಿ ಒಂದು ಹಾಳೆ ಸಿದ್ಧಮಾಡಿ. ಒಂದೇ ಹಾಳೆ, ಎರಡೂ ಬದಿ. ನಾನು ಮೊದಲ ವರ್ಷ ಇಪ್ಪತ್ತೈದು ‘ಬಿಟ್ಟ ಸ್ಥಳ ತುಂಬಿ’ ಪ್ರಶ್ನೆ ಕೊಟ್ಟಿದ್ದೆ. ಮಕ್ಕಳು ಒಂದು ವಸ್ತುವನ್ನೂ ನೋಡಲಿಲ್ಲ. ಫಲಕದಿಂದ ಫಲಕಕ್ಕೆ ಓಡಿ ಇಸವಿ ಬರೆದುಕೊಂಡರು, ಮೊದಲು ಮುಗಿಸಿದವನ ಹಾಳೆಯನ್ನು ಉಳಿದವರು ನಕಲು ಮಾಡಿದರು. ಪರೀಕ್ಷೆಯನ್ನು ಬಸ್ಸಿನಲ್ಲಿ ಹೊತ್ತುಕೊಂಡು ಹೋದಂತಾಯಿತು.

ದಾರಿ

ಬೆಳಗಿನ ಜಾವ ನಾಲ್ಕಕ್ಕೆ ಹೊರಟರೆ ತಿಂಡಿಯ ಹೊತ್ತಿಗೆ ಹೊಸೂರು ದಾಟಿರುತ್ತೀರಿ. ಮೊದಲ ಊಟ ಕಟ್ಟಿಸಿಕೊಂಡೇ ಹೋಗಿ. ಹುಳಿಯನ್ನ, ಚಿತ್ರಾನ್ನ ಮಧ್ಯಾಹ್ನದವರೆಗೆ ತಡೆಯುತ್ತವೆ. ತೆಂಗಿನಕಾಯಿ ಚಟ್ನಿ ತಡೆಯುವುದಿಲ್ಲ. ಹೆಣ್ಣುಮಕ್ಕಳಿಗೆ ಎರಡು ಗಂಟೆಗೊಮ್ಮೆ ಶೌಚಾಲಯಕ್ಕೆ ನಿಲ್ಲಿಸಬೇಕು. ಇದನ್ನು ಚಾಲಕರಿಗೆ ಹೊರಡುವಾಗಲೇ ಹೇಳಿ, ಇಲ್ಲದಿದ್ದರೆ ಹುಡುಗಿಯರು ನೀರು ಕುಡಿಯುವುದನ್ನೇ ನಿಲ್ಲಿಸಿ ತಲೆನೋವು ತರಿಸಿಕೊಳ್ಳುತ್ತಾರೆ.

ದಾರಿಯಲ್ಲಿ ವೆಲ್ಲೂರು ಕೋಟೆಗೆ ಎರಡು ಗಂಟೆ ಕೊಡಿ. ಸುತ್ತ ಕಂದಕದಲ್ಲಿ ನೀರು, ಒಳಗೆ ಜಲಕಂಠೇಶ್ವರ ದೇವಸ್ಥಾನ. ನಮ್ಮ ಕಥೆಗೆ ಬೇಕಾದದ್ದು ಇನ್ನೊಂದು. 1799ರ ಮೇ 4ರಂದು ಟಿಪ್ಪು ಸತ್ತ ಮೇಲೆ ಅವನ ಕುಟುಂಬವನ್ನು ಇಟ್ಟದ್ದು ಇಲ್ಲಿ. ಹಿಂದೆ ಒತ್ತೆಯಾಗಿದ್ದ ಆ ಇಬ್ಬರು ಹುಡುಗರು ಯುವಕರಾಗಿ ಮತ್ತೆ ಕಂಪನಿಯ ಕಾವಲಿಗೆ ಬಂದರು. 1806ರ ಜುಲೈ 10ರಂದು ಕೋಟೆಯ ಸಿಪಾಯಿಗಳು ದಂಗೆಯೆದ್ದಾಗ ಕಂಪನಿಯ ಅನುಮಾನ ಈ ಮನೆತನದ ಮೇಲೆ ಬಿತ್ತು. ಆ ಮೇಲೆ ಕುಟುಂಬವನ್ನು ಕಲ್ಕತ್ತಕ್ಕೆ ಸಾಗಿಸಿದರು. ಇದನ್ನು ಹೋಗುವಾಗಲೇ ಹೇಳಬೇಡಿ. ಬರುವಾಗ ನಿಲ್ಲಿಸಿ ಹೇಳಿದರೆ ಕಥೆಗೆ ಸರಿಯಾದ ಜಾಗ. ವೆಲ್ಲೂರನ್ನು ಮರಳುವ ದಾರಿಗೆ ಇಟ್ಟುಕೊಳ್ಳುವುದು ನಾವು ಮೂರನೇ ಸಲ ಕಲಿತ ಪಾಠ.

ಕೋಟೆಯ ಬಾಗಿಲಲ್ಲಿ

ರಾಜಾಜಿ ಸಾಲೈ ಕಡೆಯಿಂದ ಒಳಗೆ ಹೋಗುವ ಮೊದಲು ತಪಾಸಣೆ ಇರುತ್ತದೆ. ದೊಡ್ಡ ಬ್ಯಾಗುಗಳು ಬಸ್ಸಿನಲ್ಲೇ ಇರಲಿ. ಮಕ್ಕಳ ಕೈಯಲ್ಲಿ ನೋಟ್‌ಬುಕ್, ಪೆನ್ಸಿಲ್, ನೀರಿನ ಬಾಟಲಿ, ಕೊರಳಲ್ಲಿ ಗುರುತಿನ ಚೀಟಿ, ಇಷ್ಟೇ ಸಾಕು. ಚೀಟಿಯ ಹಿಂದೆ ಶಿಕ್ಷಕರ ಫೋನ್ ನಂಬರನ್ನು ತಮಿಳಿನಲ್ಲೂ ಒಂದು ಸಾಲು ವಿವರಣೆಯೊಂದಿಗೆ ಬರೆಸಿ. ಬೆಂಗಳೂರಿನಲ್ಲಿ ತಮಿಳು ಬಲ್ಲವರು ಬೇಕಾದಷ್ಟು ಸಿಗುತ್ತಾರೆ. ಕೋಟೆಯೊಳಗೆ ಸರ್ಕಾರಿ ಕಟ್ಟಡಗಳ ಫೋಟೊ ತೆಗೆಯಬೇಡಿ ಎಂದು ಮೊದಲೇ ಹೇಳಿ. ಸಂಗ್ರಹಾಲಯದಲ್ಲಿ ತೆಗೆಯಬಹುದೇ ಎಂದು ಅಲ್ಲೇ ಕೇಳಿ.

45 ಮಕ್ಕಳನ್ನು ಒಟ್ಟಿಗೆ ಒಳಗೆ ನುಗ್ಗಿಸಿದರೆ ಮುಂದಿನ ಹತ್ತು ಮಂದಿಗೆ ಮಾತ್ರ ಏನಾದರೂ ಕಾಣುತ್ತದೆ. ಹದಿನೈದರ ಮೂರು ತಂಡ ಮಾಡಿ. ಒಂದು ತಂಡ ಪ್ರತಿಮೆಯ ಮುಂದೆ, ಒಂದು ಮೇಲಿನ ಅಂತಸ್ತಿನಲ್ಲಿ, ಒಂದು ಹೊರಗೆ ಚರ್ಚ್ ಆವರಣದಲ್ಲಿ. ಮುಕ್ಕಾಲು ಗಂಟೆಗೊಮ್ಮೆ ಬದಲಾಯಿಸಿ. ಪ್ರತಿ ತಂಡಕ್ಕೂ ಒಬ್ಬರು ಶಿಕ್ಷಕರು. ದೈಹಿಕ ಶಿಕ್ಷಕರ ಸೀಟಿಯನ್ನು ಒಳಗೆ ಊದಬೇಡಿ ಎಂದು ಅವರಿಗೆ ಮೊದಲೇ ಪ್ರೀತಿಯಿಂದ ಹೇಳಿ.

ಕಟ್ಟಡದ ಪರಿಚಯಕ್ಕೆ ಎರಡೇ ಮಾತು. ಇದು ಪೂರ್ಣಗೊಂಡದ್ದು 1795ರಲ್ಲಿ. ವ್ಯಾಪಾರಿಗಳು ಮೇಲೆ ಸೇರಿ ವ್ಯವಹಾರ ಕುದುರಿಸುತ್ತಿದ್ದ ವಿನಿಮಯ ಕೇಂದ್ರವಾಗಿತ್ತು. ಮರುವರ್ಷ ಇದರ ಮಾಳಿಗೆಯ ಮೇಲೆ ದೀಪಗಳನ್ನು ಇಟ್ಟು ಮದ್ರಾಸಿನ ಮೊದಲ ದೀಪಸ್ತಂಭ ಮಾಡಿದರು. 1948ರಲ್ಲಿ ಸಂಗ್ರಹಾಲಯವಾಯಿತು. ವ್ಯಾಪಾರಿಗಳ ಕಟ್ಟಡದಲ್ಲಿ ಕತ್ತಿ, ಕೋವಿ, ಪದಕಗಳು ಏಕೆ ಇಷ್ಟೊಂದು ಇವೆ ಎಂಬ ಪ್ರಶ್ನೆಯನ್ನು ಬಾಗಿಲಲ್ಲೇ ಬಿಟ್ಟು ಒಳಗೆ ಹೋಗಿ.

ಪ್ರತಿಮೆಯ ಮುಂದೆ

ಕೆಳಗಿನ ಅಂತಸ್ತಿನಲ್ಲಿ ಮೆಟ್ಟಿಲ ಬಳಿ ಕಾರ್ನ್‌ವಾಲಿಸ್ ನಿಂತಿದ್ದಾನೆ. ಎದುರು ನಿಂತರೆ ಕತ್ತು ನೋಯುವಷ್ಟು ಎತ್ತರ. ಶಿಲ್ಪಿ ಥಾಮಸ್ ಬ್ಯಾಂಕ್ಸ್. ಮದ್ರಾಸಿನ ಪ್ರಮುಖರು, ಕಂಪನಿಯ ನೌಕರರು ಹಣ ಕೂಡಿಸಿ ಇಂಗ್ಲೆಂಡಿನಲ್ಲಿ ಮಾಡಿಸಿ ಹಡಗಿನಲ್ಲಿ ತರಿಸಿದ್ದು. ಮಕ್ಕಳು ಮೇಲೆ ನೋಡುತ್ತಾರೆ, ಅದು ಸಹಜ. ಪ್ರತಿಮೆ ಮಾಡಿದವನ ಉದ್ದೇಶವೂ ಅದೇ. ನೀವು ಅವರನ್ನು ಕೆಳಗೆ ಕೂರಿಸಿ.

ಕುಳಿತಾಗ ಕಣ್ಣಿಗೆ ನೇರವಾಗಿ ಬರುವುದು ಪೀಠ. ಅದರ ಮೇಲಿನ ಉಬ್ಬುಶಿಲ್ಪದಲ್ಲಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಕಾರ್ನ್‌ವಾಲಿಸ್‌ಗೆ ಒಪ್ಪಿಸುವ ದೃಶ್ಯ.

ಇಲ್ಲಿ ನೀವು ಮಾತನಾಡಬೇಡಿ. ಶಿಕ್ಷಕರಿಗೆ ಇದಕ್ಕಿಂತ ಕಷ್ಟದ ಕೆಲಸ ಇಲ್ಲ. ಐದು ನಿಮಿಷ ಬರೀ ನೋಡಲಿ, ನಂತರ ಹತ್ತು ನಿಮಿಷ ಪೆನ್ಸಿಲ್ ಹಿಡಿದು ಒಂದು ಆಕೃತಿಯನ್ನು, ಒಂದನ್ನು ಮಾತ್ರ, ಬಿಡಿಸಲಿ. ಚಿತ್ರ ಚೆನ್ನಾಗಿ ಬರಬೇಕಿಲ್ಲ. ಕೈ ಬಿಡಿಸುವಾಗ ಕಣ್ಣು ನಿಧಾನವಾಗುತ್ತದೆ. ಯಾರ ಕೈ ಯಾರ ಕೈಯಲ್ಲಿದೆ, ಯಾರು ಬಾಗಿದ್ದಾರೆ, ಯಾರು ನೆಟ್ಟಗಿದ್ದಾರೆ ಎಂಬುದು ಫೋಟೊ ತೆಗೆದವನಿಗೆ ಕಾಣುವುದಿಲ್ಲ, ಬಿಡಿಸಿದವನಿಗೆ ಕಾಣುತ್ತದೆ.

ನಮ್ಮ ಎರಡನೇ ಪ್ರವಾಸದಲ್ಲಿ, ಹಿಂದಿನ ಸಾಲಿನಲ್ಲಿ ಕುಳಿತಿದ್ದ, ವರ್ಷವಿಡೀ ತರಗತಿಯಲ್ಲಿ ಬಾಯಿ ಬಿಡದ ಒಬ್ಬ ಹುಡುಗಿ ರಬ್ಬರಿನಿಂದ ಏನನ್ನೋ ಉಜ್ಜುತ್ತಾ ಕೇಳಿದಳು: ‘ಮಿಸ್, ಇವರ ಅಮ್ಮ ಎಲ್ಲಿ?’

ನನಗೆ ಉತ್ತರ ಗೊತ್ತಿರಲಿಲ್ಲ. ‘ಕೋಟೆಯಲ್ಲಿ ಇದ್ದಿರಬೇಕು ಮಗಳೇ, ಹುಡುಕಿ ಹೇಳುತ್ತೇನೆ’ ಎಂದೆ. ಊರಿಗೆ ಬಂದು ಹುಡುಕಿದೆ. ಕಾರ್ನ್‌ವಾಲಿಸ್‌ನ ಸೈನ್ಯದಲ್ಲೇ ಇದ್ದ ಡಿರೋಮ್ ಎಂಬ ಅಧಿಕಾರಿ ಆ ದಂಡಯಾತ್ರೆಯ ಕಥನ ಬರೆದಿದ್ದಾನೆ. ಫೆಬ್ರುವರಿ 6ರ ರಾತ್ರಿ ಶ್ರೀರಂಗಪಟ್ಟಣದ ಹೊರಠಾಣೆಗಳ ಮೇಲೆ ದಾಳಿ ನಡೆದ ಕೆಲವೇ ದಿನಗಳಲ್ಲಿ ಚಿಕ್ಕ ಹುಡುಗನ ತಾಯಿ ಭಯದಿಂದ ತೀರಿಕೊಂಡಳು ಎಂದು ಅದರಲ್ಲಿದೆ. ಅಂದರೆ ಆ ಎಂಟು ವರ್ಷದವನು ಆನೆ ಹತ್ತುವಾಗ ತಾಯಿ ಸತ್ತು ತಿಂಗಳೂ ಆಗಿರಲಿಲ್ಲ. ಶಿಲ್ಪದಲ್ಲಿ ಅದು ಇಲ್ಲ. ಇರಲು ಸಾಧ್ಯವೂ ಇಲ್ಲ, ಏಕೆಂದರೆ ಅದನ್ನು ಮಾಡಿಸಿದ್ದು ಕಾರ್ನ್‌ವಾಲಿಸ್ ಎಷ್ಟು ದಯಾಳು ಎಂದು ತೋರಿಸಲು. ಐದನೇ ಪ್ರಶ್ನೆ, ‘ಏನು ಬಿಟ್ಟಿದ್ದಾರೆ’ ಎಂಬುದನ್ನು ನಾನು ವರ್ಷಗಟ್ಟಲೆ ಬೋರ್ಡಿನ ಮೇಲೆ ಬರೆದಿದ್ದೆ. ಅದರ ಅರ್ಥ ನನಗೆ ಆದದ್ದು ಆ ಹುಡುಗಿಯಿಂದ.

ಒಂದು ವಸ್ತುವಿನ ಮುಂದೆ ಇಷ್ಟು ಹೊತ್ತು ಕಳೆದರೆ ಉಳಿದದ್ದು ತಪ್ಪಿಹೋಗುವುದಿಲ್ಲವೇ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ತಪ್ಪುತ್ತದೆ, ತಪ್ಪಲಿ. ನೂರು ಗಾಜಿನ ಪೆಟ್ಟಿಗೆಗಳನ್ನು ನೋಡಿದ ಮಗು ರಾತ್ರಿ ಮನೆಗೆ ಫೋನ್ ಮಾಡಿದಾಗ ‘ತುಂಬಾ ಇತ್ತು ಅಮ್ಮ’ ಎನ್ನುತ್ತದೆ.

ಉಳಿದ ಕೋಣೆಗಳು

ಬೇಗ ನೋಡಬಹುದು. ಆಯುಧಗಳ ಮುಂದೆ ಹುಡುಗರು ತಾವೇ ನಿಲ್ಲುತ್ತಾರೆ, ಅವರಿಗೆ ನಿಮ್ಮ ಸಹಾಯ ಬೇಡ. ನಾಣ್ಯಗಳು, ಪಿಂಗಾಣಿ, ಗವರ್ನರುಗಳ ಆಳೆತ್ತರದ ಭಾವಚಿತ್ರಗಳು ಇವೆ. ಇಂಗ್ಲಿಷ್ ಚಿತ್ರಕಾರರಾದ ಡೇನಿಯಲ್ ಬಂಧುಗಳ ಮುದ್ರಿತ ಚಿತ್ರಗಳಲ್ಲಿ ಆಗಿನ ಕಡಲತೀರ, ದೇವಸ್ಥಾನ, ಬೀದಿ ಕಾಣುತ್ತವೆ. ಅವುಗಳಲ್ಲಿ ಮೂಲೆಯಲ್ಲಿ ಚಿಕ್ಕದಾಗಿ ನಿಂತಿರುವ ನಮ್ಮ ಜನರನ್ನು ಎಣಿಸಿ ಎಂದರೆ ಮಕ್ಕಳು ಖುಷಿಯಿಂದ ಎಣಿಸುತ್ತಾರೆ.

ತಪ್ಪಿಸಬಾರದ್ದು ಒಂದಿದೆ, ಮೇಲಿನ ಧ್ವಜ. 1947ರ ಆಗಸ್ಟ್ 15ರ ಬೆಳಗಿನ ಜಾವ ಈ ಕೋಟೆಯ ಮೇಲೆ ಹಾರಿಸಿದ ರೇಷ್ಮೆಯ ತ್ರಿವರ್ಣ ಧ್ವಜ, ಹನ್ನೆರಡು ಅಡಿ ಉದ್ದ, ಎಂಟು ಅಡಿ ಅಗಲ. ಗಾಜಿನ ಹಿಂದೆ, ಮಂದ ಬೆಳಕಿನಲ್ಲಿದೆ. ದೀಪ ಏಕೆ ಇಷ್ಟು ಕಡಿಮೆ ಎಂದು ಮಕ್ಕಳನ್ನೇ ಕೇಳಿ. ರೇಷ್ಮೆ ಗೂಡಿನ ಮಾರುಕಟ್ಟೆಗೆ ಹೋಗಿಬರುವ ಮನೆಗಳ ಮಕ್ಕಳು ನಮ್ಮಲ್ಲಿದ್ದಾರೆ. ಬಿಸಿಲಿಗೆ ಹಾಕಿದ ರೇಷ್ಮೆ ಸೀರೆ ಏನಾಗುತ್ತದೆ ಎಂದು ಅವರಿಗೆ ಅಜ್ಜಿ ಹೇಳಿರುತ್ತಾಳೆ. ಬೆಳಕೇ ಬಟ್ಟೆಯನ್ನು ತಿನ್ನುತ್ತದೆ ಎಂಬ ಸಂಗ್ರಹಾಲಯ ವಿಜ್ಞಾನದ ಪಾಠ ಅಲ್ಲಿಂದಲೇ ಹೊರಡುತ್ತದೆ.

ಚರ್ಚ್‌ನ ಆವರಣ: ಕಲ್ಲು ಓದುವ ಕೆಲಸ

ಸಂಗ್ರಹಾಲಯದಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ ಸೇಂಟ್ ಮೇರಿ ಚರ್ಚ್ ಇದೆ, 1680ರದ್ದು. ರಾಬರ್ಟ್ ಕ್ಲೈವ್ 1753ರಲ್ಲಿ ಮದುವೆಯಾದದ್ದು ಇಲ್ಲಿ. ಇದು ಈಗಲೂ ಪ್ರಾರ್ಥನೆ ನಡೆಯುವ ಜಾಗ. ಹಣೆಗೆ ವಿಭೂತಿ ಇಟ್ಟುಕೊಂಡು ದೇವಸ್ಥಾನಕ್ಕೆ ಹೋದಾಗ ಇರುವ ಮೌನವೇ ಇಲ್ಲೂ ಇರಬೇಕು ಎಂದು ಹೇಳಿದರೆ ಸಾಕು.

ಹೊರಗೆ ನೆಲಕ್ಕೆ ಹಾಸಿರುವುದೆಲ್ಲ ಸಮಾಧಿ ಕಲ್ಲುಗಳು. ಅವು ಮೊದಲು ಇಲ್ಲಿರಲಿಲ್ಲ. 1758–59ರಲ್ಲಿ ಫ್ರೆಂಚರು ಮುತ್ತಿಗೆ ಹಾಕಿದಾಗ ಹಳೆಯ ಸ್ಮಶಾನದ ಗೋರಿಗಳ ಮರೆಯಲ್ಲಿ ನಿಂತು ಗುಂಡು ಹಾರಿಸಿದರು. ಆದ್ದರಿಂದ ಮುತ್ತಿಗೆ ಮುಗಿದ ಮೇಲೆ ಕಲ್ಲುಗಳನ್ನು ಕಿತ್ತು ಇಲ್ಲಿಗೆ ತಂದರು. ಎಲಿಜಬೆತ್ ಬೇಕರ್ ಎಂಬಾಕೆಯ 1652ರ ಕಲ್ಲು ಇಲ್ಲಿದೆ, ಭಾರತದಲ್ಲಿ ಉಳಿದಿರುವ ಅತಿ ಹಳೆಯ ಬ್ರಿಟಿಷ್ ಸಮಾಧಿ ಶಾಸನವೆಂದು ಅದು ಹೆಸರಾಗಿದೆ. ಇಬ್ಬಿಬ್ಬರು ಮಕ್ಕಳಿಗೆ ಒಂದೊಂದು ಕಲ್ಲು ಹಂಚಿ. ಹೆಸರು, ಸತ್ತ ವರ್ಷ, ವಯಸ್ಸು ಇಷ್ಟನ್ನು ಬರೆದುಕೊಳ್ಳಲಿ. ಆಮೇಲೆ ನೆರಳಿನಲ್ಲಿ ಕುಳಿತು ವಯಸ್ಸುಗಳನ್ನು ಜೋರಾಗಿ ಓದಿಸಿ. ಇಪ್ಪತ್ತರ ಹರೆಯದವರು, ಹೆರಿಗೆಯಲ್ಲಿ ಹೋದವರು, ಹಸುಳೆಗಳು. ಕಂಪನಿಯವರೆಂದರೆ ಭಾವಚಿತ್ರದಲ್ಲಿರುವ ದಪ್ಪ ಕೆನ್ನೆಯ ಗವರ್ನರುಗಳು ಮಾತ್ರ ಎಂದುಕೊಂಡಿದ್ದ ಮಕ್ಕಳು ಸ್ವಲ್ಪ ಹೊತ್ತು ಸುಮ್ಮನಾಗುತ್ತಾರೆ.

ಚರ್ಚ್ ಒಳಗೆ ನಮ್ಮ ಕಡೆಯ ನಂಟಿರುವ ಎರಡು ಸ್ಮಾರಕಗಳನ್ನು ಹುಡುಕಿಸಿ. ಒಂದು ಪಾದ್ರಿ ಶ್ವಾರ್ಟ್ಸ್‌ನದು. 1779ರಲ್ಲಿ ಮದ್ರಾಸ್ ಸರ್ಕಾರ ಹೈದರಾಲಿಯ ಬಳಿಗೆ ಮಾತುಕತೆಗೆ ಕಳುಹಿಸಿದ್ದು ಇವನನ್ನೇ. ಇನ್ನೊಂದು ಜೋಸೈಯಾ ವೆಬ್‌ನದು, ಶಿಲ್ಪಿ ಫ್ಲಾಕ್ಸ್‌ಮನ್ ಕೆತ್ತಿದ್ದು. ಈ ವೆಬ್ ಕೆಲಕಾಲ ಮೈಸೂರಿನ ರೆಸಿಡೆಂಟ್, ಅಂದರೆ ಅರಸರ ಬಳಿ ಕಂಪನಿಯ ಪ್ರತಿನಿಧಿ, ಆಗಿದ್ದ. 1804ರಲ್ಲಿ ಸತ್ತಾಗ ದಿವಾನ್ ಪೂರ್ಣಯ್ಯ ಶ್ರೀರಂಗಪಟ್ಟಣದ ಹತ್ತಿರ ಅವನ ನೆನಪಿಗೆ ಒಂದು ಕಲ್ಲುಕಂಬ ನಿಲ್ಲಿಸಿದರು. ಪಾಂಡವಪುರದ ಕಡೆಯ ಮಕ್ಕಳು ಆ ಕಂಬದ ಬಳಿ ಎಷ್ಟೋ ಸಲ ಹಾದುಹೋಗಿರುತ್ತಾರೆ. ಕಂಬ ಅಲ್ಲಿ, ಮುಖ ಇಲ್ಲಿ.

ಸಮುದ್ರ

ಮಕ್ಕಳು ಬಸ್ ಹತ್ತಿದ ಕ್ಷಣದಿಂದ ಕೇಳುತ್ತಿರುವುದು ಇದನ್ನೇ. ಮರೀನಾ ಕೋಟೆಯ ಪಕ್ಕದಲ್ಲೇ ಇದೆ. ಕರೆದುಕೊಂಡು ಹೋಗಿ, ಸುಂಡಲ್ ಕೊಡಿಸಿ, ಮರಳಿನಲ್ಲಿ ಕೂರಿಸಿ. ನೀರಿಗೆ ಮಾತ್ರ ಇಳಿಸಬೇಡಿ, ಪಾದ ನೆನೆಸಲೂ ಬೇಡ. ಮರೀನಾದ ಅಲೆಯ ಸೆಳೆತ ಈಜು ಬಲ್ಲವರನ್ನೂ ಬಿಡುವುದಿಲ್ಲ. ನಮ್ಮ ಮಕ್ಕಳು ಕಾಲುವೆಯಲ್ಲಿ ಈಜಿದವರು, ಆ ಧೈರ್ಯವೇ ಅಪಾಯ. 2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ವಿದ್ಯಾರ್ಥಿನಿಯರು ಸಮುದ್ರಪಾಲಾದದ್ದನ್ನು ಯಾವ ಶಿಕ್ಷಕರೂ ಮರೆಯುವಂತಿಲ್ಲ. ಹಗ್ಗ ಹಿಡಿದು ಗೆರೆ ಹಾಕಿ, ಗೆರೆಯ ಮೇಲೆ ಶಿಕ್ಷಕರು ನಿಲ್ಲಿ, ಕತ್ತಲಾಗುವ ಮೊದಲು ತಲೆ ಎಣಿಸಿ ಹೊರಡಿ.

ಮರಳಿ ಬಂದ ಮೇಲೆ

ಮೊದಲ ವಾರದಲ್ಲೇ ಲೆಕ್ಕ ಒಪ್ಪಿಸಿ. ರಸೀದಿಗಳನ್ನು ಅಂಟಿಸಿ, ಉಳಿದ ಹಣವನ್ನು ಮಕ್ಕಳಿಗೆ ಹಿಂತಿರುಗಿಸಿ ಸಹಿ ಪಡೆಯಿರಿ. ಹನ್ನೆರಡು ರೂಪಾಯಿಯಾದರೂ ಸರಿ. ಮುಂದಿನ ವರ್ಷ ಪೋಷಕರು ನಂಬುವುದು ಆ ಹನ್ನೆರಡು ರೂಪಾಯಿಯನ್ನು.

ಪ್ರಬಂಧ ಬರೆಸಬೇಡಿ. ‘ನಾವು ಬೆಳಿಗ್ಗೆ ಎದ್ದು ಸ್ನಾನ ಮಾಡಿ’ ಎಂದು ಶುರುವಾಗಿ ‘ಮನೆಗೆ ಬಂದು ಮಲಗಿದೆವು’ ಎಂದು ಮುಗಿಯುವ ನಲವತ್ತೈದು ಪ್ರತಿಗಳನ್ನು ನಾನು ತಿದ್ದಿದ್ದೇನೆ. ಬದಲಿಗೆ ಒಂದು ಫಲಕ ಬರೆಸಿ. ಕಾರ್ನ್‌ವಾಲಿಸ್ ಪ್ರತಿಮೆಯ ಪೀಠಕ್ಕೆ ಕನ್ನಡದಲ್ಲಿ, ನಲವತ್ತು ಪದ ಮೀರದಂತೆ. ಕೆಲವರು ಅದನ್ನು ಟಿಪ್ಪುವಿನ ಕಡೆಯಿಂದ ಬರೆಯುತ್ತಾರೆ, ಕೆಲವರು ಕಾರ್ನ್‌ವಾಲಿಸ್ ಕಡೆಯಿಂದ, ಒಬ್ಬ ಹುಡುಗ ಆನೆಯ ಕಡೆಯಿಂದ ಬರೆದಿದ್ದ. ಎಲ್ಲವನ್ನೂ ತರಗತಿಯ ಗೋಡೆಗೆ ಅಂಟಿಸಿ.

ಹಣ ತೀರಿದ ಮೇಲೆ 1794ರಲ್ಲಿ ಆ ಇಬ್ಬರನ್ನು ತಂದೆಗೆ ಒಪ್ಪಿಸಿದ್ದು ದೇವನಹಳ್ಳಿಯಲ್ಲಿ, ಈಗ ವಿಮಾನ ನಿಲ್ದಾಣ ಇರುವ ಊರಿನಲ್ಲಿ. ಅದನ್ನು ಹೇಳಿದ ಮೇಲೆ ಅಮ್ಮನನ್ನು ಕೇಳಿದ್ದ ಹುಡುಗಿ ತನ್ನ ಫಲಕವನ್ನು ತಿದ್ದಿ ಕೊಟ್ಟಳು. ಅದು ನಮ್ಮ ಸಮಾಜ ವಿಜ್ಞಾನ ಕೊಠಡಿಯಲ್ಲಿ ಇನ್ನೂ ಇದೆ: ‘ಇವರು ಅಣ್ಣ ತಮ್ಮ. ಅಣ್ಣನಿಗೆ ಹತ್ತು, ತಮ್ಮನಿಗೆ ಎಂಟು. ತಮ್ಮನ ಅಮ್ಮ ಆಗತಾನೇ ತೀರಿಹೋಗಿದ್ದರು. ಇವರಿಗೆ ಒಂದೊಂದು ಗಡಿಯಾರ ಕೊಟ್ಟರು. ಎರಡು ವರ್ಷ ಆದ ಮೇಲೆ ಮನೆಗೆ ಕಳುಹಿಸಿದರು.’